ನನ್ನ ವೈನಿಯ ಸರ್ಕಾರಿ ನೌಕರಿ

ನಾ ಕಚ್ಚತೀನಿ. ಮೊದ್ಲ ಹೇಳಿಬಿಡತೀನಿ, ಆಮ್ಯಾಲ ಮಂದಿ ಬಾಯಿಂದ ಕೇಳಿ ನೀವು ಹೌಹಾರೂದು ಬ್ಯಾಡ. ಕೈ ನನ್ನ ಮಾತು ಕೇಳಂಗಿಲ್ಲ, ಕಾಲು ಹುಟ್ಟಿದಾಗಿಂದ ಕೇಳಿಲ್ಲ, ನಾಲಿಗಿ ಅರ್ಧ ಕೇಳತೈತಿ. ಹಲ್ಲು ಮಾತ್ರ ಪೂರಾ ನನ್ನವು. ಸಣ್ಣಾಕಿದ್ದಾಗ ಕೊಪ್ಪಳದ ದವಾಖಾನ್ಯಾಗ ನನ್ನ ಕಾಲು ಜಗ್ಗಿ ನೋಡಿದ ಡಾಕ್ಟರನ ಹೆಬ್ಬಟ್ಟು ಕಚ್ಚಿದ್ನಂತ. ಅಂವ ಒದರಿದ್ದನ್ನ ನೆನಸ್ಕೊಂಡು ಅವ್ವ ಸಾಯೂತನಕ ನಗತಿದ್ಲು. ಹುಟ್ಟೂಮುಂದ ಉಸಿರು ತಡದು ಮೆದುಳಿಗಿ ಪೆಟ್ಟು ಬಿದ್ದೈತಿ ಅಂತ ಅದ ಡಾಕ್ಟರ ಹೇಳಿದ್ದ. ಮೆದುಳಿಗಿ ಬಿದ್ದ ಪೆಟ್ಟು ಬುದ್ಧಿಗಿ ಬಿದ್ದಿಲ್ಲ. ಇದನ್ನ ನಂಬಾವ್ರು ನಮ್ಮೂರಾಗ ಇಬ್ರ ಇದ್ರು. ಒಬ್ಬಾಕಿ ಅವ್ವ, ಸತ್ತುಹೋದ್ಲು. ಇನ್ನೊಬ್ಬಾಕಿ ವೈನಿ, ನಮ್ಮಣ್ಣನ ಹೆಂಡ್ತಿ.

ವೈನಿ ಹೊಡಿತಾಳ. ಇದೂ ಖರೇ. ಅವ್ವ ಸತ್ತು ಹನ್ನೊಂದು ವರ್ಷ ಆತು, ಅವತ್ತಿನಿಂದ ನನ್ನ ಎಬ್ಬಸಾಕಿ, ತೊಳಿಯಾಕಿ, ತಿನಸಾಕಿ, ಹೊಳ್ಳಿಸಿ ಮಲಗಸಾಕಿ ಅಕಿ ಒಬ್ಬಾಕಿನ. ಕುಷ್ಟಗಿ ತಾಲೂಕಿನ ಒಣಭೂಮಿ ಹಳ್ಳಿಯಾಕಿ, ಸಜ್ಜಿ ಕೊಯ್ದು ತೊಗರಿ ಬಡದು ಬೆಳದ ಕೈ. ನಾ ತುತ್ತಿಗಿ ಬಾಯಿ ಬಿಗಿ ಹಿಡದ್ರ ಗಲ್ಲಕ್ಕ ಫಟ್ ಅಂತ ಬಾರಸತಾಳ. ನಾ ಮುಂಗೈ ಕಚ್ಚತೀನಿ. "ಬಿಡ ಮೂಳಿ, ಬಿಡ!" ಅಂತ ಅಕಿ ನನ್ನ ಮೂಗು ಹಿಡಿತಾಳ. ಉಸಿರು ಕಟ್ಟಿದಾಗ ನಾ ಬಿಡತೀನಿ. ಆಮ್ಯಾಲ ಇಬ್ರೂ ಕೂಡಿ ಧಾರಾವಾಹಿ ನೋಡತೀವಿ. ಇದಕ್ಕ ನಾವು ಯಾವತ್ತೂ ಜಗಳ ಅಂದಿಲ್ಲ. ಜಗಳ ಅಂದ್ರ ಏನಂತ ನಂಗ ಆಮ್ಯಾಲ ಗೊತ್ತಾತು.

ನಮ್ಮೂರು ಕಾರಟಗಿಯಿಂದ ನವಲಿ ಕಡಿ ಹೋಗೂ ದಾರ್ಯಾಗ ಐತಿ. ಸುತ್ತಕಡಿ ಕಾಲವಿ, ನೆಲ್ಲಿನ ಗದ್ದಿ. ಅಣ್ಣ ಕಾರಟಗ್ಯಾಗ ಒಂದು ದಲಾಲಿ ಅಂಗಡ್ಯಾಗ ಗುಮಾಸ್ತ. ಮನ್ಯಾಗ ಮಾತು ಕಡಿಮಿ, ನನ್ನ ಜೋಡಿ ಅಂತೂ ಹಬ್ಬಕ್ಕೊಮ್ಮೆ. ಅವ್ರಿಗಿ ಮಕ್ಕಳಾಗಿದ್ದಿಲ್ಲ, ಅದನ್ನ ಆಗಾಗ ವೈನಿಗಿ ಚುಚ್ಚತಿದ್ದ. ಆದ್ರ ಕೈ ಎತ್ತಿದ್ದಿಲ್ಲ. ಕೆಟ್ಟಾಂವ ಅಲ್ಲ ಅಂತ ನಾ ನಂಬಿದ್ದೆ.

ಎರಡು ವರ್ಷದ ಹಿಂದ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತ ಮನಿಗಿ ಬಂದ. ಅಂಗವಿಕಲರ ಅರ್ಜಿ, ಕಾರ್ಡು, ಮಾಸಾಶನ ಎಲ್ಲಾ ನೋಡಾಂವ ಅಂವನ. ಅವಂದೂ ಒಂದು ಕಾಲು ಸಣ್ಣಾಂವಿದ್ದಾಗ ಪೋಲಿಯೊದಾಗ ಹೋಗೈತಿ. ಮೂರು ಗಾಲಿ ಸ್ಕೂಟರ್ ಮ್ಯಾಲ ಅಡ್ಡಾಡತಾನ, ಅದಕ್ಕ ಊರಾವ್ರು ಮೂರು ಗಾಲಿ ಮಾಸ್ತರ ಅಂತಾರ. ಪಡಸಾಲ್ಯಾಗ ಕುಂತು ಫಾರಂ ಬಿಚ್ಚಿದ.

"ನಿಮ್ಮ ತಂಗಿ ಅಂಥಾವ್ರನ್ನ ನೋಡ್ಕೊಳ್ಳಾವ್ರಿಗಿ ಸರ್ಕಾರ ಭತ್ಯೆ ಕೊಡಾಕತ್ತೈತ್ರಿ. ಅಕಿ ಮಾಸಾಶನ ಬ್ಯಾರೆ, ಇದು ಬ್ಯಾರೆ. ಇದು ಯಾರು ನೋಡ್ಕೊತಾರೋ ಅವ್ರ ಖಾತೆಕ್ಕ ಸೀದಾ ಬೀಳತೈತಿ. ಯಾರ ಹೆಸರು ಬರೀಲ್ರಿ?"

"ನಂದ ಬರೀರಿ," ಅಂದ ಅಣ್ಣ. "ಮನಿ ಹಿರ್ಯಾ ನಾನ."

ಮಾಸ್ತರ ಪೆನ್ನು ಹಿಡದಾಂವ ಬರೀಲಿಲ್ಲ. "ತಂಗ್ಯಾರು ಯಾವ ಮಗ್ಗಲಾಗಿ ಮಲಗತಾರ್ರಿ?" ಅಂತ ಕೇಳಿದ.

ಅಣ್ಣ ನನ್ನ ಮಾರಿ ನೋಡಿದ. ನಾ ಅವನ ಮಾರಿ ನೋಡಿದೆ. ಹೇಳಿದ್ರೂ ಅವಂಗ ತಿಳಿತಿದ್ದಿಲ್ಲ, ಆದ್ರೂ ನಾ ಬಾಯಿ ಬಿಡಲಿಲ್ಲ, ಬೇಕಂತನ. ಅಡಗಿಮನ್ಯಾಗಿಂದ ವೈನಿ ಒದರಿದ್ಲು, "ಎಡಮಗ್ಗಲ್ರಿ! ಬಲಕ್ಕ ಹುಣ್ಣಾಗಿತ್ತು, ಮಾಯಿದ್ರೂ ಅಲ್ಲಿ ಒತ್ತಬಾರ್ದು." ಮಾಸ್ತರ ಅಕಿ ಹೆಸರು ಬರಕೊಂಡ. "ಯಾರ ಹೆಸರಿದ್ರೇನ ಬಿಡು," ಅಂತ ಅಣ್ಣ ಎದ್ದು ಹೋದ.

ಮೊದಲನೇ ಸಲ ರೊಕ್ಕ ಬಿದ್ದದ್ದು ಮೊಬೈಲಿನಾಗ ಬಂದಾಗ ವೈನಿ ಅದನ್ನ ನನ್ನ ಕಡಿಂದ ಮೂರು ಸಲ ಓದಿಸಿದ್ಲು. ನನಗ ಅಕ್ಷರ ಬರತಾವ, ಅವ್ವ ಕಲಿಸಿದ್ದು. ಈಗ ಇದನ್ನ ಬರಿಯಾಕತ್ತಿದ್ದೂ ಮೈ ಸಡ್ಲ ಇದ್ದಾಗಷ್ಟ ಮಾತು ಕೇಳೂ ಎಡಗೈ ಹೆಬ್ಬಟ್ಟಿಲೆ, ಮೊಬೈಲಿನಾಗ, ಒಂದೊಂದ ಅಕ್ಷರ ಕುಟ್ಟಿ. ಓದಿ ಹೇಳಿದಾಗ ವೈನಿ ಮೊಬೈಲು ಸೆರಗಿಲೆ ಒರಸಿದ್ಲು. ಆಮ್ಯಾಲ ಕೇಳಿದ್ಲು, "ತಿಂಗಳಾ ತಿಂಗಳಾ ಸರ್ಕಾರ ಪಗಾರ ಕೊಡತೈತಿ ಅಂದ್ರ, ಇದು ನೌಕರಿ ಅಲ್ಲೇನ?"

ಅಲ್ಲ ಅಂತ ನಾ ಹೇಳಬೇಕಿತ್ತು. ಹೇಳಲಿಲ್ಲ. ಅಕಿ ಮಾರಿ ಮ್ಯಾಲ ಅಂಥಾ ಬೆಳಕು ನಾ ನೋಡಿದ್ದಿಲ್ಲ. ಮರುದಿವ್ಸದಿಂದ ಶುರುವಾತು ನೋಡ್ರಿ. ಬೆಳಿಗ್ಗೆ ಏಳಕ್ಕ ಸೆರಗು ಬಿಗಿದು ಟೊಂಕಕ್ಕ ಸಿಗಿಸಿ ನನ್ನ ಹೊರಸಿನ ಮುಂದ ನಿಲ್ಲೂದು. ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನಾಗ ಅವತ್ತಿನ ತಾರೀಖಿಗಿ ಗೀಟು ಹಾಕೂದು, ಅದು ಹಾಜರಿ. ಎರಡು ತಾಸಿಗೊಮ್ಮೆ ಹೊಳ್ಳಸೂದು. ಮದ್ಲು ನೆನಪಾದಾಗ ಹೊಳ್ಳಸತಿದ್ಲು, ಈಗ ಗಡಿಯಾರ ನೋಡಿ. "ಸರ್ಕಾರದ ಕೆಲಸ ದೇವರ ಕೆಲಸ ಅಂತ ಬೆಂಗಳೂರಾಗ ಕಲ್ಲಾಗ ಕೆತ್ತ್ಯಾರ, ತಿಳ್ಕೊ," ಅಂತಿದ್ಲು. ಹೊಡಿಯೂದಕ್ಕೂ ಕಾಯಿದೆ ಬಂತು. ಡ್ಯೂಟಿ ಮ್ಯಾಲ ಹೊಡದ್ರ ಸಸ್ಪೆಂಡ್ ಮಾಡತಾರ ಅಂತ ಅಕಿ ನಂಬಿಕಿ. ಸಿಟ್ಟು ಬಂದ್ರ ಹೊಸ್ತಿಲ ದಾಟಿ ಹೋಗಿ, ಸೆರಗು ಬಿಚ್ಚಿ, "ಈಗ ಡ್ಯೂಟಿ ಮುಗೀತು" ಅಂತ ಒಳಗ ಬಂದು ಫಟ್ ಅಂತ ಬಾರಸತಿದ್ಲು. ನಾ ನಕ್ಕು ನಕ್ಕು ಜೊಲ್ಲು ಸುರಿಸತಿದ್ದೆ.

ಒಂದಿನ ಬಂದು ಕೈಕಟ್ಟಿ ನಿಂತ್ಲು. "ಐತವಾರ ಅರ್ಧ ದಿವ್ಸ ಸೂಟಿ ಬೇಕಾಗಿತ್ತು."

"ನನ್ನ ಯಾಕ ಕೇಳತಿ?"

"ಮತ್ತ ಯಾರನ್ನ ಕೇಳಲಿ? ನೀನ ಮಂಜೂರು ಮಾಡಬೇಕು."

ಹುಟ್ಟಿದಾಗಿಂದ ಯಾರೂ ನನ್ನ ಯಾವುದಕ್ಕೂ ಒಪ್ಪಿಗಿ ಕೇಳಿದ್ದಿಲ್ಲ. ಉಣ್ತೀಯೇನು ಅಂತ ಸೈತ ಕೇಳತಿದ್ದಿಲ್ಲ, ಬಾಯಿಗಿ ಹಿಡಿತಿದ್ರು. ನಾ ಮದ್ಲನೇ ಸಲ "ಆಗಂಗಿಲ್ಲ" ಅಂದೆ, ಬರೇ ಹಂಗ ಅನ್ನೂ ಸುಖಕ್ಕ. ಎರಡನೇ ಸಲ ಮಂಜೂರು ಮಾಡಿದೆ. ಕಾರಟಗಿಗಿ ಹೋಗಿ ಮಿರ್ಚಿ ತಿಂದು ನಂಗೂ ನಾಕು ಕಟ್ಟಿಸ್ಕೊಂಡು ಬಂದ್ಲು.

ಈ ಸುದ್ದಿ ಊರು ದಾಟಿ ಅಣ್ಣನ ಅಂಗಡಿತನಕ ಹೋತು. ನಮ್ಮ ಕಡಿ ಮಂದಿ ಬಾಯಿ ಗೊತ್ತಲ್ಲ. ಹಮಾಲರು ಚೀಲ ಹೊತ್ತುಕೊಂಡು ಹೋಗೂಮುಂದ "ಏನಪಾ, ಮೇಡಮ್ಮಾರು ಇವತ್ತ ಡಬ್ಬಿ ಕಟ್ಟ್ಯಾರೋ, ಇಲ್ಲಾ ಮೀಟಿಂಗ್ ಇತ್ತೋ?" ಅಂತ ಚಾಷ್ಟಿ ಮಾಡತಿದ್ರಂತ. ಮಾಲಕನೂ ಒಂದಿನ ಎಲ್ಲಾರ ಮುಂದ ಅಂದ್ನಂತ, "ತಂಗಿ ಹೇಲುಚ್ಚಿ ಬಳ್ಯಾಕ ಹೆಂಡ್ತಿಗಿ ಸರ್ಕಾರದ ಪಗಾರ. ಹಂಗಾರ ಮನ್ಯಾಗ ನೌಕರದಾರು ಅಕಿ, ನೀ ಏನು ಮಾಡತಿ, ರೊಟ್ಟಿ ಬಡಿತಿ?" ಅಣ್ಣ ಅಲ್ಲಿ ನಕ್ಕಿರಬೇಕು. ಅಲ್ಲಿ ನಗಲಾರದ ಇದ್ದಿದ್ರ ಮನ್ಯಾಗ ಹಂಗ ಆಗತಿದ್ದಿಲ್ಲ. ಅತ್ತಿ ಮ್ಯಾಲಿನ ಸಿಟ್ಟು ಕೊತ್ತಿ ಮ್ಯಾಲ ಅಂತಾರಲ್ಲ, ಮಾಲಕನ ಮ್ಯಾಲಿನ ಸಿಟ್ಟು ವೈನಿ ಮ್ಯಾಲ ಬಂತು.

ಅವತ್ತ ಬೆಳಿಗ್ಗೆ ನಾ ಬಚ್ಚಲದಾಗ ಕಲ್ಲಿನ ಮ್ಯಾಲ ಕುಂತಿದ್ದೆ. ವೈನಿ ಒಂದು ಕೈಲೆ ನನ್ನ ಬೆನ್ನಿಗಿ ಆನಿಕಿ ಕೊಟ್ಟು ಇನ್ನೊಂದು ಕೈಲೆ ತಲಿಗಿ ಸಾಬಾಣ ಹಚ್ಚಿದ್ಲು. ಹೊರಗಿಂದ ಅಣ್ಣ "ರೊಟ್ಟಿ ಹಾಕು, ಹೊತ್ತಾತು," ಅಂದ.

"ಡ್ಯೂಟಿ ಮ್ಯಾಲ ಇದೀನ್ರಿ, ಅರ್ಧ ತಾಸು ತಡೀರಿ!" ಅಂತ ನಗಕೊಂತ ಅಂದ್ಲು. ನಾನೂ ನಕ್ಕೆ.

ಬಾಗಲಾ ಒದ್ದು ಬಂದ. ಅಕಿ ತುರುಬು ಹಿಡದು ಹಿಂದಕ್ಕ ಜಗ್ಗಿ, ನೀರು ಕಾಸೂ ಹಂಡೆಕ್ಕ ತಲಿ ಬಡದ. ಒಮ್ಮೆ ಅಲ್ಲ, ಮೂರು ಸಲ. ಹಂಡೆ ಗಂಟಿ ಹೊಡದಂಗ ಸಪ್ಪಳ ಮಾಡತು. ಬೆನ್ನಿನ ಆನಿಕಿ ಹೋಗಿ ನಾ ಕಲ್ಲಿನಿಂದ ಜಾರಿ ಮಾರಿ ಅಡಿ ಮಾಡಿ ಬಿದ್ದೆ. ಮುಂದಿನ ಹಲ್ಲಿನ ಚೂರು ಮುರೀತು. ಕಣ್ಣಾಗ ಸಾಬಾಣ, ಬಾಯಾಗ ರಕ್ತ, ಮೈಮ್ಯಾಲ ಒಂದ ಅರಿವಿ ಇಲ್ಲ. ಅಣ್ಣ ನನ್ನ ದಾಟಿ ಅಕಿನ್ನ ಎಳಕೊಂಡು ಹೋದ. ಎಷ್ಟೋ ಹೊತ್ತಾದ ಮ್ಯಾಲ ವೈನಿ ಬಂದು ನನ್ನ ತೊಳದ್ಲು. ಅಕಿ ಹಣಿ ಉಬ್ಬಿ ತೆಂಗಿನಕಾಯಿ ಆಗಿತ್ತು. "ಅಯ್ಯ ಶಿವನ, ಹಲ್ಲು ಮುರದೈತಲ್ಲ ನಿಂದು," ಅಂದ್ಲು. 

ಒಮ್ಮೆ ಎದ್ದ ಕೈ ಕೆಳಗ ಇಳೀಲಿಲ್ಲ. ಆಮ್ಯಾಲ ಬೆಲ್ಟು ಬಂತು. ಎಡಮಗ್ಗಲಾಗಿ ಮಲಗಿದಾಕಿಗಿ ಪಡಸಾಲಿ ಪೂರಾ ಕಾಣತೈತಿ, ನಾ ಎಲ್ಲಾ ನೋಡಿದೆ. ಒಂದೊಂದು ಏಟಿಗೊಮ್ಮೆ "ಹಾಕು ಹಾಜರಿ, ಹಾಕು ಹಾಜರಿ" ಅಂತಿದ್ದ. ಕ್ಯಾಲೆಂಡರ್ ಹರದು ಒಲಿಗಿ ಹಾಕಿದ. ವೈನಿ ಕಿರಾಣಿ ಅಂಗಡ್ಯಾಗಿಂದ ಇನ್ನೊಂದು ತಂದು ಗ್ವಾಡಿಯ ಅದ ಮೊಳಿಗಿ ತೂಗಹಾಕಿದ್ಲು. ಅದನ್ನೂ ಹರದ. ಇನ್ನೊಂದು ತಂದ್ಲು. ಏನು ಹಟ ಅಂತೀರಿ! ಬೆನ್ನು ಬಗ್ಗಸಾಕ ಬರಲಾರದ ದಿವ್ಸನೂ ಏಳಕ್ಕ ಸೆರಗು ಸಿಗಿಸಿ ನಿಲ್ಲತಿದ್ಲು. ನನ್ನ ಎತ್ತೂಮುಂದ ಹಲ್ಲು ಕಡದು "ಹಾ" ಅಂತ ಉಸಿರು ಬಿಡತಿದ್ಲು, ಆ ಉಸಿರು ನನ್ನ ಕಿವ್ಯಾಗ ಬೀಳತಿತ್ತು.

"ಮಾಸ್ತರಗ ಹೇಳು," ಅಂದೆ.

"ಗಂಡ ಹೆಂಡಿರ ಜಗಳ ಉಂಡು ಮಲಗೂತನಕ."

"ನೀ ಉಂಡು ಮಲಗಿ ಎಷ್ಟು ದಿನ ಆತು?"

ಅಕಿ ನನ್ನ ಹೊಳ್ಳಿಸಿ ಗಡಿಯಾರ ನೋಡಿದ್ಲು. ನಾ ಅಷ್ಟೊತ್ತಿಗಿ ಅಣ್ಣನ್ನ ಕೊಲ್ಲಬೇಕು ಅಂತ ವಿಚಾರ ಮಾಡಾಕತ್ತಿದ್ದೆ. ಸುಳ್ಳು ಯಾಕ ಹೇಳಲಿ? ಕೂಡಿ ಉಂಡು ಬೆಳದ ಅಣ್ಣ, ಖರೇ. ಆದ್ರ ಅಂವ ನನ್ನ ಹೊರಸಿನ ಹತ್ರ ಬಂದು ಒಮ್ಮೆ ಬಗ್ಗಿದ್ರ ಸಾಕು, ಕುತ್ತಿಗಿ ನರ ಎಲ್ಲಿರತೈತಿ ಅಂತ ನನಗ ಗೊತ್ತಿತ್ತು. ದಿನಾ ಕಾಯ್ತಿದ್ದೆ. ಅಂವ ಹತ್ರ ಬರತಿದ್ದಿಲ್ಲ. ಮತ್ತ ನಂಗ ಇನ್ನೊಂದು ಅಂಜಿಕಿ ಇತ್ತು, ಅದು ಇದಕ್ಕಿಂತ ದೊಡ್ಡದು. ಈಕಿ ತಡಕೊಳ್ಳಲಾರದ ತವರಿಗಿ ಹೋಗಿಬಿಟ್ರ ನನ್ನ ಹೊಳ್ಳಸಾವ್ರು ಯಾರು? ಈಕಿ ಬದುಕಬೇಕು ಅಂತನೂ ಅನ್ನಿಸತಿತ್ತು, ಹೋಗಬಾರ್ದು ಅಂತನೂ ಅನ್ನಿಸತಿತ್ತು. ಎರಡನೇದ್ದ ಜಾಸ್ತಿ ಅನ್ನಿಸತಿತ್ತು.

ಹೋದ ಬ್ಯಾಸಿಗ್ಯಾಗ ತಪಾಸಣಿಗಿ ಬರತಾರ ಅಂತ ಸುದ್ದಿ ಬಂತು. ಭತ್ಯೆ ತಗೊಳ್ಳಾವ್ರು ಖರೇನ ನೋಡ್ಕೊಳ್ಳಾಕತ್ತಾರೋ ಇಲ್ಲೋ ಅಂತ ನೋಡೂದು. ವೈನಿಗಿ ಅದು ನೌಕರಿಯ ಇನಸ್ಪೆಕ್ಷನ್. ಇಳಕಲ್ ಸೀರಿ ಉಟ್ಟು, ನಂಗೂ ಹೊಸ ನೈಟಿ ಹಾಕಿ, ಎರಡು ಜಡಿ ಹೆಣದು ಕುಂದರಿಸಿದ್ಲು. ಆದ್ರ ಹಿಂದಿನ ದಿವ್ಸ ಅಣ್ಣ ಬಡದದ್ದು ಸೀರ್ಯಾಗ ಮುಚ್ಚಲಿಲ್ಲ. ಎಡಗಣ್ಣು ಪೂರಾ ಮುಚ್ಚಿತ್ತು. ರಟ್ಟಿ ಮ್ಯಾಲ ಬೆಲ್ಟಿನ ಬಾಸುಂಡಿ.

ಕೊಪ್ಪಳದಿಂದ ಒಬ್ರು ಮೇಡಮ್ಮಾರು ಬಂದ್ರು, ಜೋಡಿ ನಮ್ಮ ಮೂರು ಗಾಲಿ ಮಾಸ್ತರ. ಅಣ್ಣ ಅವತ್ತ ಅಂಗಡಿಗಿ ಹೋಗಿದ್ದಿಲ್ಲ, ಬೇಕಂತನ ಮನ್ಯಾಗಿದ್ದ. ಮೇಡಮ್ಮಾರು ನನ್ನ ಹಾಸಿಗಿ ನೋಡಿದ್ರು, ಬೆನ್ನು ನೋಡಿದ್ರು, "ಚೆನ್ನಾಗಿ ನೋಡಿಕೊಂಡಿದ್ದೀರಿ," ಅಂದ್ರು. ಆಮ್ಯಾಲ ವೈನಿ ಮಾರಿ ನೋಡಿದ್ರು. "ಇದೇನಮ್ಮಾ ಇದು?"

ವೈನಿ ಬಾಯಿ ಬಿಡೂದ್ರೊಳಗ ಅಣ್ಣ ಮುಂದ ಬಂದ. "ನಮ್ಮ ತಂಗಿದ್ರಿ ಕೆಲಸ. ಕೈ ಬೀಸತಾಳ, ಸಿಕ್ಕಲ್ಲಿ ಕಚ್ಚತಾಳ. ನೋಡ್ರಿ ಬೇಕಾರ," ಅಂತ ವೈನಿ ಮುಂಗೈ ಹಿಡದೆತ್ತಿ ನನ್ನ ಹಲ್ಲಿನ ಗುರುತು ತೋರಿಸಿದ. ಆ ಗುರುತು ಖರೇನ ನಂದು. ನನ್ನ ಕೈನೂ ಆ ಹೊತ್ತಿಗಿ ಸಿಟ್ಟಿಲೆ ಸೆಟದು ಗಾಳ್ಯಾಗ ಬೀಸಾಡಾಕತ್ತಿತ್ತು. ನೋಡಿದವ್ರು ಯಾರಾದ್ರೂ ನಂಬತಿದ್ರು.

ಮೇಡಮ್ಮಾರು ಛಲೋ ಹೆಣ್ಮಗಳು, ನನ್ನನ್ನ ಕೇಳಿದ್ರು. "ನೀವೇ ಹೇಳಿ. ಹೊಡೆದದ್ದು ನೀವಾ?"

"ಅಣ್ಣ ಬಡಿತಾನ. ಬೆಲ್ಟಿಲೆ ಬಡಿತಾನ. ನಾ ಬರೇ ಕಚ್ಚತೀನಿ," ಅಂದೆ. ನನ್ನ ಬಾಯಿಂದ ಅದು ಹೊರಗ ಬರೂಮುಂದ ಎಮ್ಮಿ ಒದರಿದಂಗ ಕೇಳಿಸತೈತಂತ, ಅವ್ವನ ಹೇಳತಿದ್ಲು. ಮೇಡಮ್ಮಾರಿಗಿ ಒಂದಕ್ಷರ ತಿಳೀಲಿಲ್ಲ. ಮಾಸ್ತರಗೂ ತಿಳೀಲಿಲ್ಲ. ಇಬ್ರೂ ವೈನಿ ಕಡಿ ಹೊಳ್ಳಿದ್ರು, ಯಾಕಂದ್ರ ನನ್ನ ಮಾತು ತಿಳಿಯಾಕಿ ಜಗತ್ತಿನಾಗ ಅಕಿ ಒಬ್ಬಾಕಿನ. "ಏನಂತಾರೆ?"

ವೈನಿ ನೆಲ ನೋಡಿದ್ಲು. ಅಣ್ಣ ಅಕಿ ಹಿಂದ ನಿಂತಿದ್ದ.

"ಹೌದ್ರಿ, ನಾನ ಬಡದೀನಿ ಅಂತ ಹೇಳಾಕತ್ತಾಳ್ರಿ," ಅಂದ್ಲು.

ನನ್ನ ಬಾಯಿಂದ, ನನ್ನ ಹೆಸರಿನಾಗ, ಆ ಭಾಡ್ಯಾನ್ನ ಉಳಿಸಿದ್ಲು! ಹನ್ನೊಂದು ವರ್ಷ ಅಕಿ ನನ್ನ ಎಷ್ಟು ಹೊಡದಿದ್ಲೋ, ಯಾವ ಏಟೂ ಅಷ್ಟು ಹತ್ತಿದ್ದಿಲ್ಲ. ನಾ ಒದರಿದೆ, ಒದರಿದಷ್ಟೂ ಅಣ್ಣನ ಮಾತ ಖರೇ ಅನ್ನಿಸಿತು. ಮೇಡಮ್ಮಾರು ಪಾಪ, ಎರಡು ಹೆಜ್ಜಿ ಹಿಂದ ಸರದ್ರು. "ಹೀಗಾದರೆ ನಿಮ್ಮ ಜೀವಕ್ಕೇ ಅಪಾಯ ಅಲ್ಲವೇನಮ್ಮಾ. ಇವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ. ಆಶ್ರಮಕ್ಕೆ ಸೇರಿಸಲು ಬರೆಯುತ್ತೇನೆ. ಭತ್ಯೆ ನಿಲ್ಲುತ್ತದೆ, ಆದರೆ ನಿಮಗೂ ವಿಶ್ರಾಂತಿ," ಅಂತ ಹಾಳಿ ತಗದು ಬರಿಯಾಕ ಕುಂತ್ರು. ಅಣ್ಣ ತಡ ಮಾಡಲಿಲ್ಲ. "ನಿಮಗ ಹೆಂಗ ತಿಳಿತೈತಿ ಹಂಗ ಮಾಡ್ರಿ ಮೇಡಂ. ಎಲ್ಲಿ ಸಹಿ ಹಾಕಲಿ?"

ವೈನಿ ಮಾರಿ ಬಿಳಿಚಿತು. ಇದನ್ನ ಅಕಿ ವಿಚಾರ ಮಾಡಿದ್ದಿಲ್ಲ. ಗಂಡನ ಮಾನ ಉಳಿಸಾಕ ಹೋಗಿ ನನ್ನ ಕಳಕೊಳ್ಳೂದು ಬರತೈತಿ ಅಂತ ತಿಳಿದಿದ್ದಿಲ್ಲ. ನಾ ಒದರೂದು ನಿಲ್ಲಿಸಿದೆ. ಮೇಡಮ್ಮಾರ ಕಡಿ ಅಲ್ಲ, ಅಕಿ ಕಡಿ ನೋಡಿ, ಸಾವಕಾಶ, ಒಂದೊಂದ ಮಾತು ಜಗ್ಗಿ ಹೇಳಿದೆ.

"ವೈನಿ. ನನ್ನ ಬಾಯಿ ಆಗೂದು ನಿನ್ನ ಡ್ಯೂಟಿ. ನಾ ಅಂದದ್ದನ್ನ ಅಂದಂಗ ಹೇಳು."

ಅಕಿ ಎದ್ದು ನಿಂತ್ಲು. ಸೆರಗು ಬಿಗಿದು ಟೊಂಕಕ್ಕ ಸಿಗಿಸಿದ್ಲು. ಮೇಡಮ್ಮಾರ ಮುಂದ ಹೋಗಿ, ಸಾಲ್ಯಾಗ ಹುಡುಗ್ರು ಪಾಠ ಒಪ್ಪಸಿದಂಗ, ಒಂದ ದನಿಲೆ ಹೇಳಿದ್ಲು, "ಮೇಡಮ್ಮಾರ, ಅಕಿ ಅಂದದ್ದು ಹಿಂಗ್ರಿ. ಅಣ್ಣ ಬಡಿತಾನ. ಬೆಲ್ಟಿಲೆ ಬಡಿತಾನ. ನಾ ಬರೇ ಕಚ್ಚತೀನಿ."

ಅಷ್ಟ ಹೇಳಿ ಬೆನ್ನು ಹೊಳ್ಳಿಸಿ ಕುಬಸ ಸರಿಸಿದ್ಲು. ಮೇಡಮ್ಮಾರ ಕೈಯಾಗಿನ ಪೆನ್ನು ಕೆಳಗ ಬಿತ್ತು.

ಅಣ್ಣ ಸರ್ಕಾರದ ಮಂದಿ ಮುಂದ ಅದಾರ ಅನ್ನೂದೂ ಮರತ. ಅಕಿ ಬಾಯಿ ಮ್ಯಾಲ ಮುಷ್ಟಿಲೆ ಗುದ್ದಿದ. ಅಕಿ ನನ್ನ ಹೊರಸಿನ ಮ್ಯಾಲ ಬಿದ್ಲು. ಇನ್ನೊಂದು ಗುದ್ದಬೇಕಂತ ಅಂವ ಬಗ್ಗಿದ. ಬಗ್ಗಿದ! ಇಷ್ಟು ತಿಂಗಳು ಕಾಯ್ದದ್ದು ಅದನ್ನ. ಕುತ್ತಿಗಿ ಸಿಗಲಿಲ್ಲ, ಅಂಗೈ ಸಿಕ್ಕಿತು, ಹೆಬ್ಬಟ್ಟಿನ ಕೆಳಗಿನ ದಪ್ಪ ಮಾಂಸ. ಹಿಡದೆ. ಅಂವ ಒದರಿದ, ನನ್ನ ತಲಿಗಿ ಬಡದ, ಕೂದಲಾ ಹಿಡದು ಜಗ್ಗಿದ. ಮಾಸ್ತರ ತನ್ನ ಊರುಗೋಲು ಎತ್ತಿ ಅವನ ಬೆನ್ನಿಗಿ ಎರಡು ಕೊಟ್ಟ. ನಾ ಬಿಡಲಿಲ್ಲ. ಅವನ ರಕ್ತ ನನ್ನ ಗಂಟಲದಾಗ ಇಳೀತು, ಬಿಸಿ ಇತ್ತು, ಉಪ್ಪಿತ್ತು. ನಂಗ ಖುಷಿ ಆತು, ಭಾಳ ಖುಷಿ ಆತು. ನನ್ನ ಬಿಡಸಬೇಕಂದ್ರ ಮೂಗು ಹಿಡೀಬೇಕು ಅಂತ ಅಲ್ಲಿ ಗೊತ್ತಿದ್ದಾಕಿ ಒಬ್ಬಾಕಿನ. ಅಕಿ ಮಗ್ಗಲಾಗ ಬಿದ್ದಿದ್ಲು. ಹಿಡೀಲಿಲ್ಲ.

ದವಡಿ ಸೋತು ನಾ ಬಿಟ್ಟಾಗ ಅಣ್ಣ ಕೈ ಅರಿವ್ಯಾಗ ಸುತ್ತಿಕೊಂಡು ಅಳಕೊಂತ ದವಾಖಾನಿಗಿ ಓಡಿದ. ಮೇಡಮ್ಮಾರು ಬರದ ಹಾಳಿ ಹರದ್ರು, ಹೊಸದು ಬರದ್ರು, "ಪೊಲೀಸರಿಗೆ ದೂರು ಕೊಡ್ತೀಯೇನಮ್ಮಾ?" ಅಂತ ವೈನಿನ್ನ ಕೇಳಿದ್ರು. ವೈನಿ ತುಟಿಗಿ ಸೆರಗು ಒತ್ತಿಕೊಂಡು "ಇವತ್ತ ಬ್ಯಾಡ್ರಿ," ಅಂದ್ಲು. ನಾಳೆ ಬರತೀವಿ ಅಂತ ಹೇಳಿ ಹೋದ್ರು.

ಅವ್ರು ಹೋದದ್ದ ತಡ, ವೈನಿ ಟ್ರಂಕು ಎಳದ್ಲು. ತನ್ನ ಸೀರಿ, ತನ್ನ ಪಾಸ್‌ಬುಕ್ಕು ಗಂಟು ಕಟ್ಟಾಕತ್ತಿದ್ಲು. ಬಾಜೂ ಮನಿಯ, ಟಂಟಂ ಆಟೋ ಓಡಸೂ ಚಾಚಾಗ ಫೋನ್ ಮಾಡಿದ್ಲು, "ಕುಷ್ಟಗಿ ಕಡಿ ಹೋಗಬೇಕು, ಜಲ್ದಿ ಬಾ." ನಾ ನೋಡಕೊಂತ ಬಿದ್ದಿದ್ದೆ. ಮುಗೀತು ಅಂತ ತಿಳ್ಕೊಂಡೆ. ಹೊಕ್ಕಾಳ, ಹೋಗ್ಲಿ. ಅಣ್ಣ ಬರತಾನ, ಹೊಲಗಿ ಹಾಕಿಸ್ಕೊಂಡು. ಆಮ್ಯಾಲ ಈ ಮನ್ಯಾಗ ನಾ, ಅಂವ, ಇಬ್ರ. ಹೋಗಬ್ಯಾಡ ಅಂತ ಬಾಯಿ ತನಕ ಬಂತು. ಅದನ್ನ ನುಂಗಾಕ ನಂಗ ಎಷ್ಟು ಕಷ್ಟ ಆತು ಅಂದ್ರ, ಅಷ್ಟು ಕಷ್ಟ ಅನ್ನ ನುಂಗಾಕೂ ಆಗಿಲ್ಲ. ಕಣ್ಣು ಮುಚ್ಚಿದೆ.

ಬಗಲಾಗ ಕೈ ಬಂತು. "ಮೈ ಸಡ್ಲ ಬಿಡ, ಎತ್ತಾಕ ಬರವಲ್ದು," ಅಂದ್ಲು ವೈನಿ.

ಟಂಟಂ ಬಾಗಲಿಗಿ ಬಂದಿತ್ತು. ಅಕಿ ನನ್ನ ಹಿಂದಿಂದ ತಬ್ಬಿ ಎಳಕೊಂಡು ಅರ್ಧ ಒಳಗ ಹಾಕಿದ್ಲು. ಚಾಚಾ ಕೌದಿ ಹಾಸಿದ. ಅಷ್ಟೊತ್ತಿಗಿ ಯಾರು ಸುದ್ದಿ ಮುಟ್ಟಿಸಿದ್ರೋ, ಅಣ್ಣ ಬಂದ. ಕೈಗಿ ಬಿಳಿ ಪಟ್ಟಿ, ಕಣ್ಣು ಕೆಂಪಗ. ಹೆಂಡ್ತಿನ್ನ ಹಿಡಿತಾನ ಅಂತ ಎಲ್ಲಾರೂ ತಿಳ್ಕೊಂಡ್ರು. ಅಂವ ಹಿಡದದ್ದು ನನ್ನ ಕಾಲು.

"ನೀ ಹಾಳಾಗಿ ಹೋಗು! ಅಕಿನ್ನ ಬಿಡು. ನಮ್ಮ ಮನಿ ಹೆಣ್ಮಗಳು ಅಕಿ. ಗಂಡನ ತಂಗಿನ್ನ ಹೊತ್ಕೊಂಡು ತವರಿಗಿ ಹೋದಾಕಿ ಎಲ್ಲೆರ ಇದ್ದಾಳೇನ? ಊರಾಗ ನಾ ಹೆಂಗ ಮಾರಿ ತೋರಸಲಿ?"

"ಸರ್ಕಾರ ನಂಗ ಒಪ್ಪಿಸೈತಿ ಅಕಿನ್ನ! ಬಿಡ್ರಿ!" ವೈನಿ ನನ್ನ ಬಗಲಾಗಿಂದ ಜಗ್ಗಿದ್ಲು. ಅಂವ ಕಾಲು ಜಗ್ಗಿದ. ನನ್ನ ಸೊಂಟದಾಗ ಏನೋ ಚಟ್ ಅಂತು. ಓಣಿ ಮಂದಿ ನಿಂತು ನೋಡಾಕತ್ತಿತ್ತು. ಚಾಚಾ "ಅರೇ ಛೋಡೋ ಭಾಯ್, ಜೀವ ಹೊಕ್ಕೈತಿ ಅಕಿದು!" ಅಂತ ಒದರಾಕತ್ತಿದ್ದ. ನೋವಿಗಿ ನನ್ನ ಕಣ್ಣಾಗ ಕತ್ತಲಿ ಬಂತು. ಆದ್ರ ಆ ನೋವಿನಾಗೂ ಒಂದು ವಿಚಾರ ಬಂತು ನೋಡ್ರಿ, ನಗು ಬರೂವಂಥಾದ್ದು. ಮೂವತ್ತೆಂಟು ವರ್ಷ ಈ ಮೈನ್ನ ಯಾರೂ ಬೇಕು ಅಂದಿದ್ದಿಲ್ಲ. ಇವತ್ತ ಇಬ್ರು ನಂದು ನಂದು ಅಂತ ಜಗ್ಯಾಡಾಕತ್ತಾರ.

ಅಂವ ಜೋರು ಕೊಟ್ಟು ಎಳದ. ನನ್ನ ತಲಿ ಟಂಟಂನ ಕಬ್ಬಿಣದ ರಾಡಿಗಿ ಬಡದು ಒಡೀತು. ರಕ್ತ ಎರಡೂ ಜಡಿಗುಂಟ ಇಳದು ವೈನಿಯ ಇಳಕಲ್ ಸೀರಿ ಮ್ಯಾಲ ಸುರೀತು. ಅಣ್ಣ ಅದನ್ನ ನೋಡಿದ. ನನ್ನ ಕಾಲು ಅವನ ಕೈಯಾಗಿಂದ ಜಾರಿದ್ವು. ವೈನಿ ನನ್ನ ಒಳಗ ಎಳಕೊಂಡು "ಹೊಡಿ ಚಾಚಾ, ಗಾಡಿ ಹೊಡಿ," ಅಂದ್ಲು. ತಾವರಗೇರಿತನಕ ನನ್ನ ತಲಿ ಒತ್ತಿ ಹಿಡದು ಕುಂತಿದ್ಲು. ಅಲ್ಲಿ ಆರು ಹೊಲಗಿ ಹಾಕಿದ್ರು.

ಈಗ ಹತ್ತು ತಿಂಗಳಾತು, ವೈನಿಯ ತವರಿನಾಗ ಅದೀವಿ. ಅಕಿ ಅವ್ವ ಮದ್ಲ ದಿವ್ಸ ನನ್ನ ನೋಡಿ ಎದಿ ಎದಿ ಬಡ್ಕೊಂಡ್ಲು. "ಗಂಡನ್ನ ಬಿಟ್ಟು ಬಂದೆಲ್ಲ, ಬರೂದು ಬಂದಿ, ಇದನ್ನ್ಯಾಕ ಕಟ್ಟಿಕೊಂಡು ಬಂದಿ?" ಅಂದ್ಲು. ಈಗ ಮುದುಕಿನ ನನಗ ಚಾ ಕುಡಸತಾಳ, ಕಚ್ಚಿದ್ರ ಬೈತಾಳ. ಮಾಸ್ತರ ಓಡಾಡಿ ವಿಳಾಸ ಬದ್ಲಿ ಮಾಡಿಸಿಕೊಟ್ಟ, ಭತ್ಯೆ ನಿಲ್ಲಲಿಲ್ಲ. ಅದು ಹೊಟ್ಟಿಗಿ ಸಾಲಂಗಿಲ್ಲ, ವೈನಿ ಮಧ್ಯಾಹ್ನ ಮಂದಿ ಹೊಲದಾಗ ಕೂಲಿಗಿ ಹೊಕ್ಕಾಳ. ಅಣ್ಣ ಎರಡು ಸಲ ಫೋನ್ ಮಾಡಿದ್ದ. ಎರಡೂ ಸಲ ನನ್ನ ಬಗ್ಗೆ ಕೇಳಿದ್ನಂತ, ಅಕಿ ಬಗ್ಗೆ ಕೇಳಲಿಲ್ಲಂತ.

ಮೊನ್ನೆ ಮಧ್ಯಾಹ್ನ ಅಕಿ ನನ್ನ ತಲಿಗಿ ಎಣ್ಣಿ ಹಚ್ಚಾಕತ್ತಿದ್ಲು. ಹೊಲಗಿ ಗುರುತಿನ ಮ್ಯಾಲ ಬೆರಳು ಸಾವಕಾಶ ಆಡಾಕತ್ತಿತ್ತು. ಇಷ್ಟು ತಿಂಗಳು ಕೇಳಲಾರದ್ದನ್ನ ಕೇಳಿದೆ.

"ಅವತ್ತ ನನ್ನ ಯಾಕ ಕರಕೊಂಡು ಬಂದಿ?"

"ನಿನ್ನ ಬಿಟ್ಟು ಬಂದ್ರ ನನ್ನ ನೌಕರಿ ಹೋಗತಿತ್ತಲ್ಲ."

"ನೌಕರಿ ಇರಲಾರದಿದ್ರ?"

ಬೆರಳು ನಿಲ್ಲಲಿಲ್ಲ. ಅಕಿ ವಿಚಾರ ಮಾಡಿದ್ಲು, ಖರೇನ ವಿಚಾರ ಮಾಡಿದ್ಲು.

"ಬಿಟ್ಟು ಬರತಿದ್ದೆ," ಅಂದ್ಲು.

ಎದ್ಯಾಗ ಚುಚ್ಚಿತು. ಅಕಿ ಮುಂಗೈ ನನ್ನ ಬಾಯಿ ಹತ್ರನ ಇತ್ತು, ಕಚ್ಚಲಿಲ್ಲ. ಅಕಿ ಜಾಗಾದಾಗ ನಾ ಇದ್ದಿದ್ರೂ ಬಿಟ್ಟ ಬರತಿದ್ದೆ, ಓಡಿ ಬರತಿದ್ದೆ. ಇದನ್ನ ಅಕಿಗಿ ಹೇಳಿದೆ. ಅಕಿ "ಗೊತ್ತೈತಿ ಬಿಡು" ಅಂತ ನನ್ನ ತಲಿ ಇನ್ನೊಂದು ಕಡಿ ಹೊಳ್ಳಿಸಿದ್ಲು, ಆ ಕಡಿ ಎಣ್ಣಿ ಹಚ್ಚೂದು ಬಾಕಿ ಇತ್ತು.